ಮನೋರೋಗಿಯ ಒಪ್ಪಿಗೆ ಮತ್ತು ಮನೆಯವರ ಹೊಣೆ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳ ಹಳ್ಳಿಗಳಲ್ಲಿ ಮನೋರೋಗದ ಮಾತು ಬಂದಾಗಲೆಲ್ಲ ಮನೆಯ ಹಿರಿಯರು ಕೇಳುವ ಪ್ರಶ್ನೆ ಒಂದೇ: “ಅವಾ ದವಾಖಾನಿಗೆ ಬರೂದುಲ್ಲ ಅಂತಾನ್ರೀ. ನನಗೇನೂ ಆಗಿಲ್ಲ ಅಂತಾನ. ಹೆಂಗ ಒಯ್ಯೂದು?” ಜ್ವರ ಬಂದವನು ತಾನಾಗಿಯೇ ವೈದ್ಯರ ಬಳಿಗೆ ಹೋಗುತ್ತಾನೆ, ಹಲ್ಲು ನೋವಿನವನು ರಾತ್ರಿಯೇ ಬಾಗಿಲು ಬಡಿಯುತ್ತಾನೆ. ಚಿತ್ತವಿಕಲತೆ ಅಥವಾ ಉನ್ಮಾದಕ್ಕೆ ಒಳಗಾದವನ ಸ್ಥಿತಿ ಹಾಗಲ್ಲ. ಅಲ್ಲಿ ರೋಗವೇ ರೋಗದ ಅರಿವನ್ನು ಮುಚ್ಚಿಬಿಡುತ್ತದೆ. ಕಿವಿಯಲ್ಲಿ ಕೇಳುವ ಧ್ವನಿ ಅವನ ಪಾಲಿಗೆ ನಿಜವಾದ ಧ್ವನಿ, ಅಣ್ಣ ಅನ್ನದಲ್ಲಿ ವಿಷ ಬೆರೆಸಿದ್ದಾನೆಂಬ ಭಯ ನಿಜವಾದ ಭಯ. ಇಂಥವನನ್ನು ಒಪ್ಪಿಸಿ ಕರೆತನ್ನಿ ಎಂದು ಹೇಳುವುದು ಸುಲಭ.

ಈ ಪ್ರಶ್ನೆಗೆ ನಮ್ಮ ಊರುಗಳು ತಮ್ಮವೇ ಆದ ಉತ್ತರಗಳನ್ನು ಕಂಡುಕೊಂಡಿವೆ. ದನದ ಕೊಟ್ಟಿಗೆಯ ಕಂಬಕ್ಕೆ ಕಾಲು ಕಟ್ಟುವುದು ಒಂದು. ಅಮಾವಾಸ್ಯೆಗೆ ಯಾವುದಾದರೂ ಶಕ್ತಿಸ್ಥಳಕ್ಕೆ ಒಯ್ದು ಗಾಳಿ ಬಿಡಿಸುವವರ ಕೈಗೊಪ್ಪಿಸುವುದು ಇನ್ನೊಂದು. ಸ್ವಲ್ಪ ಓದಿದ ಮನೆಗಳಲ್ಲಿ ಗುಳಿಗೆಯನ್ನು ಪುಡಿ ಮಾಡಿ ಚಹಾದಲ್ಲಿಯೋ ಸಾರಿನಲ್ಲಿಯೋ ಗುಟ್ಟಾಗಿ ಕಲೆಸುತ್ತಾರೆ. ಇತ್ತೀಚಿನ ವರ್ಷಗಳಲ್ಲಿ ಇವುಗಳ ಜೊತೆಗೆ ಒಂದು ಹೊಸ ಮಾತೂ ಸೇರಿಕೊಂಡಿದೆ: “ಈಗ ಕಾಯದೆ ಬಂದದ, ಅವನ ಸಹಿ ಇಲ್ಲದ ಯಾವ ಡಾಕ್ಟರೂ ಮುಟ್ಟಂಗಿಲ್ಲ.” ಈ ಕಡೆಯ ಮಾತು ಅರ್ಧ ಸತ್ಯ. ಅರ್ಧ ಸತ್ಯದಿಂದ ಆಗುವ ಹಾನಿಯನ್ನು ನೋಡಿದರೆ ಅದನ್ನು ವಿವರವಾಗಿ ಬಿಡಿಸಿ ಹೇಳುವುದು ಅವಶ್ಯವೆನಿಸುತ್ತದೆ.

ಸದ್ಯ ಜಾರಿಯಲ್ಲಿರುವುದು ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮ, 2017. ಅದು 2018ರ ಮೇ ತಿಂಗಳಿನಲ್ಲಿ ಜಾರಿಗೆ ಬಂದಿತು. ಅದಕ್ಕೂ ಮೊದಲು 1987ರ ಮಾನಸಿಕ ಆರೋಗ್ಯ ಅಧಿನಿಯಮವಿತ್ತು, ಅದರ ಹಿಂದೆ ಬ್ರಿಟಿಷರ 1912ರ ಹುಚ್ಚರ ಕಾಯದೆ. ಹೆಸರುಗಳೇ ಕಥೆಯನ್ನು ಹೇಳುತ್ತವೆ. 1912ರ ಕಾಯದೆಯ ಚಿಂತೆ ಊರಿನ ಶಾಂತಿಯ ಕುರಿತಾದುದು. ಮ್ಯಾಜಿಸ್ಟ್ರೇಟರ ಆದೇಶದ ಮೇಲೆ ರೋಗಿಯನ್ನು ಆಶ್ರಮಕ್ಕೆ ಸೇರಿಸಿದರೆ ಅಲ್ಲಿಗೆ ಊರಿನ ಕೆಲಸ ಮುಗಿಯಿತು. ನಮ್ಮ ಜಿಲ್ಲೆ ಮುಂಬಯಿ ಪ್ರಾಂತದಲ್ಲಿದ್ದ ಕಾಲದಿಂದಲೂ ಈ ಭಾಗದ ರೋಗಿಗಳಿಗೆ ಧಾರವಾಡದ ಆಸ್ಪತ್ರೆಯೇ ಗತಿ. “ಧಾರವಾಡಕ್ಕ ಕಳಸ್ಬೇಕಾಗ್ತದ” ಎಂಬ ಹಾಸ್ಯದ ಮಾತು ಇಂದಿಗೂ ನಮ್ಮಲ್ಲಿ ಉಳಿದಿದೆಯಲ್ಲವೆ? ಆ ಆಸ್ಪತ್ರೆ 2009ರಿಂದ ಧಾರವಾಡ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ, ಅಂದರೆ ಡಿಮ್ಹಾನ್ಸ್, ಎಂಬ ಹೆಸರಿನಲ್ಲಿ ಬೋಧಕ ಸಂಸ್ಥೆಯಾಗಿ ಬೆಳೆದಿದೆ. ಹಾಸ್ಯ ಮಾತ್ರ ಹಳೆಯದೇ. 1987ರ ಕಾಯದೆ ಬಂಧುಗಳ ಕೋರಿಕೆ ಹಾಗೂ ಎರಡು ವೈದ್ಯಕೀಯ ಪ್ರಮಾಣಪತ್ರಗಳ ಮೇಲೆ 90 ದಿನಗಳವರೆಗೆ ರೋಗಿಯನ್ನು ಇರಿಸಿಕೊಳ್ಳಲು ಅವಕಾಶ ನೀಡಿತ್ತು. ಈಗಿನ ಪುನರ್‌ಪರಿಶೀಲನಾ ಮಂಡಳಿಯಂಥ ಏರ್ಪಾಡು ಅದರಲ್ಲಿರಲಿಲ್ಲ.

ಈಗಿನ ಕಾಯದೆಯ ಮೊದಲ ನಿಲುವು ಇದು: ಮನೋರೋಗವಿದೆ ಎಂದ ಮಾತ್ರಕ್ಕೆ ಮನುಷ್ಯನ ಒಪ್ಪಿಗೆಯ ಹಕ್ಕು ಹೋಗುವುದಿಲ್ಲ. ಚಿಕಿತ್ಸೆಯ ಕುರಿತು ಹೇಳಿದ್ದನ್ನು ತಿಳಿದುಕೊಳ್ಳಬಲ್ಲನೆ, ಒಪ್ಪಿದರೆ ಏನಾದೀತು ಒಪ್ಪದಿದ್ದರೆ ಏನಾದೀತು ಎಂಬುದನ್ನು ಗ್ರಹಿಸಬಲ್ಲನೆ, ತನ್ನ ನಿರ್ಧಾರವನ್ನು ಮಾತಿನಿಂದಲೋ ಸನ್ನೆಯಿಂದಲೋ ತಿಳಿಸಬಲ್ಲನೆ ಎಂಬುದಷ್ಟೇ ನೋಡತಕ್ಕ ಸಂಗತಿ. ಆತನ ನಿರ್ಧಾರ ನಮಗೆ ತಪ್ಪೆಂದು ತೋರಿದರೂ ಅಷ್ಟರಿಂದಲೇ ಅವನು ಅಸಮರ್ಥನಾಗುವುದಿಲ್ಲ. ಆದರೆ ಇದೇ ಕಾಯದೆಯ 89ನೇ ಕಲಮು ಒಪ್ಪಿಗೆ ಇಲ್ಲದ ದಾಖಲಾತಿಗೂ ದಾರಿ ತೆರೆದಿದೆ. ಕಾಯದೆಯ ಭಾಷೆಯಲ್ಲಿ ಅದರ ಹೆಸರು ಬೆಂಬಲಿತ ದಾಖಲಾತಿ. ಇತ್ತೀಚೆಗೆ ತನ್ನ ಜೀವಕ್ಕೆ ಅಪಾಯ ತಂದುಕೊಳ್ಳಲು ಯತ್ನಿಸಿದ್ದರೆ ಅಥವಾ ಬೆದರಿಸಿದ್ದರೆ, ಅನ್ಯರ ಮೇಲೆ ಹಿಂಸೆಗೆ ಇಳಿದಿದ್ದರೆ ಅಥವಾ ಅನ್ಯರು ಹೆದರುವಂತೆ ನಡೆದುಕೊಂಡಿದ್ದರೆ, ಇಲ್ಲವೆ ಊಟ, ನೀರು, ಶೌಚಗಳ ಪರಿವೆಯೂ ಇಲ್ಲದೆ ತನ್ನನ್ನು ತಾನು ನೋಡಿಕೊಳ್ಳಲಾರದೆ ಅಪಾಯಕ್ಕೆ ಒಳಗಾಗಿದ್ದರೆ, 30 ದಿನಗಳವರೆಗೆ ಆಸ್ಪತ್ರೆಯಲ್ಲಿ ಇರಿಸಿಕೊಳ್ಳಬಹುದು. ಒಬ್ಬ ಮನೋವೈದ್ಯರು ಮತ್ತು ಇನ್ನೊಬ್ಬ ಮಾನಸಿಕ ಆರೋಗ್ಯ ತಜ್ಞರು ಅಥವಾ ವೈದ್ಯರು ಅಂದೇ ಅಥವಾ ಹಿಂದಿನ 7 ದಿನಗಳೊಳಗೆ ಬೇರೆಬೇರೆಯಾಗಿ ಪರೀಕ್ಷಿಸಿರಬೇಕು. ರೋಗಿಯ ನಾಮನಿರ್ದೇಶಿತ ಪ್ರತಿನಿಧಿ ಅರ್ಜಿ ಕೊಡಬೇಕು. ಇದಕ್ಕಿಂತ ಕಡಿಮೆ ನಿರ್ಬಂಧದ ಬೇರೆ ಮಾರ್ಗವಿಲ್ಲವೆಂದು ಖಾತ್ರಿಯಾಗಿರಬೇಕು.

ಮೂವತ್ತು ದಿನವೆಂದರೆ ಮೂವತ್ತು ದಿನ ಕೂಡಿಹಾಕುವ ಪರವಾನಿಗೆಯಲ್ಲ. ಪ್ರತಿ 7 ದಿನಗಳಿಗೊಮ್ಮೆ ಆತನ ಸಾಮರ್ಥ್ಯ ಮರಳಿದೆಯೆ ಎಂದು ನೋಡಬೇಕು. ಮರಳಿದ್ದರೆ ಆತನನ್ನೇ ಕೇಳಬೇಕು. ದಾಖಲಾತಿಯ ವರದಿ 7 ದಿನಗಳೊಳಗೆ ಪುನರ್‌ಪರಿಶೀಲನಾ ಮಂಡಳಿಗೆ ಹೋಗಬೇಕು. ರೋಗಿ ಹೆಣ್ಣುಮಗಳಾಗಿದ್ದರೆ ಅಥವಾ ಅಪ್ರಾಪ್ತ ವಯಸ್ಕರಾಗಿದ್ದರೆ 3 ದಿನಗಳೊಳಗೆ. ಮೂವತ್ತು ದಿನ ಮೀರಿದರೆ ಇಬ್ಬರು ಮನೋವೈದ್ಯರ ಪರೀಕ್ಷೆಯೂ ಮಂಡಳಿಯ ಅನುಮತಿಯೂ ಬೇಕು. ಮಂಡಳಿಯಲ್ಲಿ ಯಾರಿರುತ್ತಾರೆ ಎಂಬುದು ನನಗೆ ಈ ಕಾಯದೆಯಲ್ಲಿ ಅತ್ಯಂತ ಮೆಚ್ಚುಗೆಯಾದ ಅಂಶ. ಜಿಲ್ಲಾ ನ್ಯಾಯಾಧೀಶರ ದರ್ಜೆಯವರು, ಜಿಲ್ಲಾಧಿಕಾರಿಗಳ ಪ್ರತಿನಿಧಿ, ವೈದ್ಯರು ಇರುವುದು ಸಹಜ. ಅವರ ಸಾಲಿನಲ್ಲಿ ಮನೋರೋಗವನ್ನು ಅನುಭವಿಸಿದವರು, ಆರೈಕೆ ಮಾಡಿದವರು ಅಥವಾ ಈ ಕ್ಷೇತ್ರದ ಸ್ವಯಂಸೇವಾ ಸಂಸ್ಥೆಯವರು ಇಬ್ಬರು ಕುಳಿತುಕೊಳ್ಳಬೇಕೆಂದು ಕಾಯದೆ ಹೇಳುತ್ತದೆ. ನೊಂದವರ ಮಾತಿಗೆ ನ್ಯಾಯಾಧೀಶರ ಪಕ್ಕದಲ್ಲಿ ಸ್ಥಾನ ಕೊಟ್ಟ ಕಾಯದೆಗಳು ನಮ್ಮಲ್ಲಿ ಬಹಳ ಇಲ್ಲ.

ಹೊರದೇಶಗಳಲ್ಲಿಯೂ ಈ ತೂಗಾಟ ಮುಗಿದಿಲ್ಲ. ಇಂಗ್ಲೆಂಡಿನ 1983ರ ಕಾಯದೆ ರೋಗ ಪರೀಕ್ಷೆಗೆಂದು 28 ದಿನಗಳವರೆಗೆ ತಡೆಹಿಡಿಯಲು ಬಿಡುತ್ತದೆ. ಇಟಲಿ 1978ರಲ್ಲಿ ಹಳೆಯ ಹುಚ್ಚಾಸ್ಪತ್ರೆಗಳನ್ನೇ ಮುಚ್ಚಲು ಹೊರಟಿತು. ಅಲ್ಲಿ ಒಪ್ಪಿಗೆಯಿಲ್ಲದ ಚಿಕಿತ್ಸೆಗೆ ಒಮ್ಮೆಗೆ 7 ದಿನಗಳ ಅವಧಿ, ಅದಕ್ಕೂ ಊರಿನ ಮೇಯರರ ಆದೇಶ ಬೇಕು, ಆ ಬಳಿಕ ನ್ಯಾಯಾಧೀಶರ ಮುದ್ರೆ. ಭಾರತ 2007ರಲ್ಲಿ ಅನುಮೋದಿಸಿದ ಅಂಗವಿಕಲರ ಹಕ್ಕುಗಳ ವಿಶ್ವಸಂಸ್ಥೆಯ ಒಡಂಬಡಿಕೆಯನ್ನು ಆಧಾರವಾಗಿಟ್ಟುಕೊಂಡು, ಬಲವಂತದ ಚಿಕಿತ್ಸೆಯೇ ಇರಕೂಡದೆಂದು ವಾದಿಸುವವರಿದ್ದಾರೆ. ಅವರ ಕಳಕಳಿಯನ್ನು ನಾನು ಗೌರವಿಸುತ್ತೇನೆ, ವಾದವನ್ನು ಒಪ್ಪಲಾರೆ. ಹೆರಿಗೆಯಾಗಿ ಹತ್ತು ದಿನಕ್ಕೆ ಬಾಣಂತಿ ಸನ್ನಿಗೆ ತುತ್ತಾದ ತಾಯಿ ಕೂಸನ್ನು ಎತ್ತಿಕೊಂಡು ಬಾವಿಯ ಕಡೆಗೆ ನಡೆದಾಗ, ಆಕೆಯ ಒಪ್ಪಿಗೆಗಾಗಿ ಕಾಯುವುದು ಆಕೆಗೆ ತೋರುವ ಮರ್ಯಾದೆಯಾಗದು. ಕೆಲವು ವಾರಗಳ ಚಿಕಿತ್ಸೆಯಿಂದ ಬಹುತೇಕ ಗುಣವಾಗಬಲ್ಲ ರೋಗವದು. ಗುಣವಾದ ಆ ತಾಯಿ ಮುಂದೆ ಏನು ಹೇಳಿಯಾಳೆಂಬುದನ್ನೂ ಯೋಚಿಸಬೇಕಲ್ಲವೆ? ಅಂಥ ಸಂದರ್ಭದಲ್ಲಿ ಮೂರು ವರ್ಷದೊಳಗಿನ ಕೂಸನ್ನು, ಅದಕ್ಕೆ ಅಪಾಯವಿಲ್ಲದಿದ್ದರೆ, ಆಸ್ಪತ್ರೆಯಲ್ಲಿ ತಾಯಿಯಿಂದ ಅಗಲಿಸಬಾರದೆಂದೂ ಈ ಕಾಯದೆಯೇ ಹೇಳಿದೆ. ಬಾಣಂತಿಗೆ ದೆವ್ವ ಹಿಡಿದಿದೆಯೆಂದು ತವರಿಗೆ ಅಟ್ಟಿ, ಕೂಸನ್ನು ಇಟ್ಟುಕೊಳ್ಳುವ ಅತ್ತೆಯ ಮನೆಯವರು ಈ ಮಾತನ್ನು ಗಮನಿಸಬೇಕು.

ಬಲವಂತ ಎಲ್ಲೆಡೆಯೂ ಇದೆ ಎಂಬುದನ್ನು ನಾವು ಮೊದಲು ಒಪ್ಪಿಕೊಳ್ಳೋಣ. ಕಾಯದೆಯ ಬಲವಂತಕ್ಕೆ ಕಾರಣ ಬರೆದಿರಬೇಕು, ದಿನ ಎಣಿಸಿರಬೇಕು, ಮೇಲ್ವಿಚಾರಣೆ ಇರಬೇಕು. ಕೊಟ್ಟಿಗೆಯ ಸರಪಳಿಗೆ ಕಾರಣವೂ ಬೇಕಿಲ್ಲ, ದಿನವೂ ಇಲ್ಲ, ಕೇಳುವವರೂ ಇಲ್ಲ. ತಮಿಳುನಾಡಿನ ರಾಮನಾಥಪುರ ಜಿಲ್ಲೆಯ ಏರ್ವಾಡಿಯಲ್ಲಿ, ದರ್ಗಾದ ಸುತ್ತ ತಲೆಯೆತ್ತಿದ್ದ ಖಾಸಗಿ ಆಶ್ರಮವೊಂದರಲ್ಲಿ 2001ರ ಆಗಸ್ಟ್ 6ರ ಬೆಳಗಿನ ಜಾವ ಬೆಂಕಿ ಬಿದ್ದಾಗ, ಸರಪಳಿಯಲ್ಲಿದ್ದ ರೋಗಿಗಳು ಓಡಲಾಗದೆ ಸುಟ್ಟುಹೋದರು. ಸತ್ತವರು 28 ಜನ. ಅವರನ್ನು ಅಲ್ಲಿಗೆ ತಂದು ಬಿಟ್ಟವರು ಹೆಚ್ಚಿನ ಪಾಲು ಅವರ ಮನೆಯವರೇ, ಗುಣವಾಗಲೆಂಬ ಭಕ್ತಿಯಿಂದಲೇ. ಇಷ್ಟಾದ ಮೇಲೂ 2019ರ ಜನವರಿಯಲ್ಲಿ ಉತ್ತರಪ್ರದೇಶದ ಬದಾಯೂಂ ಜಿಲ್ಲೆಯ ಧಾರ್ಮಿಕ ಸ್ಥಳವೊಂದರ ಸರಪಳಿಗಳ ವಿಷಯ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಿತು; ಮನೋರೋಗಿಗಳನ್ನು ಸರಪಳಿಯಲ್ಲಿ ಬಿಗಿಯುವುದು ಸಂವಿಧಾನದ 21ನೇ ವಿಧಿ ನೀಡಿದ ಘನತೆಯ ಬದುಕಿಗೆ ವಿರುದ್ಧವೆಂದು ನ್ಯಾಯಾಲಯ ಹೇಳಬೇಕಾಯಿತು. 2017ರ ಕಾಯದೆಯ 95ನೇ ಕಲಮು ಯಾವುದೇ ರೀತಿಯ, ಯಾವುದೇ ರೂಪದ ಸರಪಳಿಯನ್ನು ನಿಷೇಧಿಸಿದೆ. ಅರಿವಳಿಕೆ ಇಲ್ಲದೆ ವಿದ್ಯುತ್ ಚಿಕಿತ್ಸೆ ನೀಡುವುದನ್ನೂ ಅದೇ ಕಲಮು ನಿಷೇಧಿಸಿದೆ. ಬಲವಂತದಿಂದ ತಲೆ ಬೋಳಿಸುವಂತಿಲ್ಲ ಎಂದು ಇನ್ನೊಂದು ಕಲಮು ಹೇಳುತ್ತದೆ.

ಇಲ್ಲಿ ಮಠಗಳಿಗೂ ಗುಡಿಗಳಿಗೂ ದರ್ಗಾಗಳಿಗೂ ಸಮಾನವಾಗಿ ಸಲ್ಲುವ ಒಂದು ಮಾತಿದೆ. ಕಾಯದೆಯು ಮಾನಸಿಕ ಆರೋಗ್ಯ ಸಂಸ್ಥೆ ಎಂಬುದಕ್ಕೆ ಬಹು ವಿಶಾಲವಾದ ಅರ್ಥ ಕೊಟ್ಟಿದೆ. ಯಾವ ಹೆಸರಿನಿಂದ ಕರೆದರೂ ಸರಿ, ಮನೋರೋಗಿಗಳನ್ನು ಆರೈಕೆಗೆಂದು ಇರಿಸಿಕೊಳ್ಳುವ ಸ್ಥಳ ನೋಂದಣಿಯಾಗಬೇಕು. ಬಂಧುಗಳೊಡನೆ ವಾಸಿಸುವ ಮನೆಗೆ ಮಾತ್ರ ವಿನಾಯಿತಿ. ದಾಸೋಹದ ಸಾಲಿನಲ್ಲಿ ಕುಳಿತು ಪ್ರಸಾದ ಸ್ವೀಕರಿಸಿ ಹೋಗುವವನಿಗೆ ಯಾರ ಅಡ್ಡಿಯೂ ಇಲ್ಲ. ಆದರೆ ಆರು ತಿಂಗಳು ಇಲ್ಲೇ ಇರಲೆಂದು ಅಣ್ಣತಮ್ಮಂದಿರು ಒಬ್ಬ ರೋಗಿಯನ್ನು ಯಾವುದಾದರೂ ಧರ್ಮಸ್ಥಳದ ಆವರಣದಲ್ಲಿ ಬಿಟ್ಟುಹೋದರೆ, ಆ ಸ್ಥಳ ಈ ವ್ಯಾಖ್ಯೆಯೊಳಗೆ ಬರುತ್ತದೆಂದೇ ನಾನು ಓದುತ್ತೇನೆ. ಭಕ್ತರು ತಮ್ಮ ಗುರುಗಳನ್ನು ಇಂಥ ಇಕ್ಕಟ್ಟಿಗೆ ಸಿಲುಕಿಸಬಾರದು. ಪೂಜ್ಯರು “ಮೊದಲು ದವಾಖಾನೆಗೆ ಒಯ್ಯಿರಿ, ಆಮೇಲೆ ಬನ್ನಿ” ಎಂದು ಅಪ್ಪಣೆ ಕೊಡಿಸಿದರೆ ಅದಕ್ಕಿಂತ ದೊಡ್ಡ ಆಶೀರ್ವಾದ ಮತ್ತೊಂದಿಲ್ಲ, ಏಕೆಂದರೆ ಆ ಮಾತನ್ನು ವೈದ್ಯರು ಹೇಳಿದರೆ ಕೇಳದ ಮನೆತನಗಳು ಗುರುಗಳು ಹೇಳಿದರೆ ಕೇಳುತ್ತವೆ. ಅಂಗಾರ ಬೇಡವೆಂದು ನಾನು ಹೇಳುತ್ತಿಲ್ಲ, ಅಂಗಾರದ ನೆಪದಲ್ಲಿ ಗುಳಿಗೆ ನಿಲ್ಲಬಾರದು.

ಗುಳಿಗೆಯನ್ನು ಗುಟ್ಟಾಗಿ ಉಣಿಸುವ ಪದ್ಧತಿಯ ಕುರಿತು ಎರಡು ಮಾತು. ಹತಾಶಳಾದ ಹೆಂಡತಿ ಅಥವಾ ತಾಯಿ ಹೀಗೆ ಮಾಡುವುದನ್ನು ಕಂಡು ತಪ್ಪು ಹೊರಿಸಲು ನನ್ನ ಮನಸ್ಸು ಒಪ್ಪುವುದಿಲ್ಲ. ಆದರೆ ಅಪಾಯವನ್ನು ಹೇಳಲೇಬೇಕು. ಅನ್ನದಲ್ಲಿ ಏನೋ ಬೆರೆಸುತ್ತಿದ್ದಾರೆಂಬ ಸಂಶಯವೇ ಅನೇಕರಲ್ಲಿ ರೋಗದ ಲಕ್ಷಣ. ಒಂದು ದಿನ ಚಹಾದ ತಳದಲ್ಲಿ ಬಿಳಿಯ ಪುಡಿ ಕಂಡರೆ ಆ ಸಂಶಯಕ್ಕೆ ಸಾಕ್ಷಿಯೇ ಸಿಕ್ಕಂತಾಯಿತು. ಆಮೇಲೆ ಆ ಮನೆಯ ನೀರನ್ನೂ ಆತ ಮುಟ್ಟುವುದಿಲ್ಲ. ಆತ ಸಾರಾಯಿ ಕುಡಿದು ಬಂದ ರಾತ್ರಿಯೂ ಗುಳಿಗೆ ಹೊಟ್ಟೆ ಸೇರುತ್ತದೆ. ಮೈ ಬಿಗಿತ, ನಡುಕ, ಅತಿನಿದ್ರೆಗಳಂಥ ಅಡ್ಡಪರಿಣಾಮಗಳು ಕಾಣಿಸಿಕೊಂಡರೆ ಕಾರಣ ಆತನಿಗೆ ತಿಳಿಯದು, ವೈದ್ಯರ ಮುಂದೆ ಹೇಳುವವರೂ ಇರುವುದಿಲ್ಲ. ಹದಿನೈದು ದಿನಕ್ಕೋ ತಿಂಗಳಿಗೋ ಒಮ್ಮೆ ಕೊಡುವ ಚುಚ್ಚುಮದ್ದುಗಳು ಇವೆ. ಸ್ವಲ್ಪ ಸುಧಾರಿಸಿದ ಮೇಲೆ ಆತನಿಗೇ ತಿಳಿಸಿ ಒಪ್ಪಿಸಬಹುದು. ವೈದ್ಯರನ್ನು ಕೇಳಿ.

ಕುಡಿತ ಬಿಡಿಸುವ ಕೇಂದ್ರಗಳ ಸಂಗತಿಯೂ ಇದೇ ಕಾಯದೆಯೊಳಗೆ ಬರುತ್ತದೆ, ಏಕೆಂದರೆ ಮದ್ಯ ಮತ್ತು ಮಾದಕ ವಸ್ತುಗಳಿಂದಾಗುವ ಮಾನಸಿಕ ಸ್ಥಿತಿಗಳನ್ನೂ ಕಾಯದೆ ಮನೋರೋಗವೆಂದೇ ಎಣಿಸಿದೆ. ರಾತ್ರಿ ಜೀಪಿನಲ್ಲಿ ನಾಲ್ಕು ಜನ ಬಂದು ಕೈಕಾಲು ಕಟ್ಟಿ ಎತ್ತಿಕೊಂಡು ಹೋಗುವ ಕೇಂದ್ರಕ್ಕೆ ದುಡ್ಡು ಕಟ್ಟುವ ಮೊದಲು, ಅದರ ನೋಂದಣಿ ಪತ್ರ ತೋರಿಸಿರೆಂದು ಕೇಳಿ. ಮನೋವೈದ್ಯರು ಯಾರು ಎಂದು ಕೇಳಿ. ಉತ್ತರ ಬಾರದಿದ್ದರೆ ಅದು ಆಸ್ಪತ್ರೆಯಲ್ಲ.

ಕಾಯದೆಯ ದುರುಪಯೋಗದ ಭಯವೂ ಸುಳ್ಳಲ್ಲ. ಹೊಲದ ಪಾಲಾಗುವ ಹೊತ್ತಿಗೆ ಒಬ್ಬ ತಮ್ಮನಿಗೆ ಹುಚ್ಚು ಹಿಡಿಯುವುದು, ಜಾತಿ ಬಿಟ್ಟು ಮದುವೆಯಾಗಹೊರಟ ಮಗಳಿಗೆ “ತಲಿ ಕೆಟ್ಟದ” ಎಂದು ಹೆಸರಿಡುವುದು ನಮ್ಮ ಸಮಾಜಕ್ಕೆ ಹೊಸದಲ್ಲ. 3ನೇ ಕಲಮು ಇದನ್ನು ನೇರವಾಗಿ ಎದುರಿಸಿದೆ. ಸಮುದಾಯದ ನೈತಿಕ, ಸಾಮಾಜಿಕ, ರಾಜಕೀಯ ಮೌಲ್ಯಗಳಿಗೆ ಅಥವಾ ಧಾರ್ಮಿಕ ನಂಬಿಕೆಗಳಿಗೆ ಹೊಂದಿಕೊಳ್ಳದಿರುವುದನ್ನು ಮನೋರೋಗವೆಂದು ನಿರ್ಧರಿಸಕೂಡದು; ಹಿಂದೊಮ್ಮೆ ಚಿಕಿತ್ಸೆ ಪಡೆದಿದ್ದ ಮಾತ್ರಕ್ಕೆ ಇಂದೂ ರೋಗಿಯೆನ್ನಕೂಡದು. ಜಾತಿಯ ಕಟ್ಟನ್ನು ಮುರಿದ ಅಣ್ಣನವರು ಹುಟ್ಟಿದ ಬಾಗೇವಾಡಿಯ ಸೀಮೆಯವರಿಗೆ ಈ ಕಲಮಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟು ಹೇಳಿದ ಮೇಲೆ, ಕಾಯದೆಯ ಅರ್ಧ ಭಾಗ ನಮ್ಮ ತಾಲೂಕುಗಳನ್ನು ಇನ್ನೂ ತಲುಪಿಲ್ಲವೆಂಬುದನ್ನು ಮುಚ್ಚಿಡುವುದು ಅಪ್ರಾಮಾಣಿಕತೆ. ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇಕಡಾ 0.8ರಷ್ಟು ಜನರಿಗೆ ತೀವ್ರ ಮನೋರೋಗ ಸದ್ಯದಲ್ಲಿರುತ್ತದೆ. ಸಮೀಕ್ಷೆಯ 12 ರಾಜ್ಯಗಳಲ್ಲಿ ಕರ್ನಾಟಕ ಇರಲಿಲ್ಲವಾದರೂ ಲೆಕ್ಕಕ್ಕೆ ಹಿಡಿಯೋಣ. 2011ರ ಗಣತಿಯಲ್ಲಿ ವಿಜಯಪುರ ಜಿಲ್ಲೆಯ ಜನಸಂಖ್ಯೆ 21 ಲಕ್ಷ 77 ಸಾವಿರ. ಅದರಲ್ಲಿ ವಯಸ್ಕರು 13 ಲಕ್ಷವೆಂದರೂ ಹತ್ತು ಸಾವಿರ ಜನ. ಇವರಿಗಾಗಿ ಸರಕಾರ ಏನೂ ಮಾಡಿಲ್ಲವೆನ್ನಲಾಗದು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವೆಂಬುದು ದೇಶಕ್ಕೆ ಹೋದದ್ದೇ ನಮ್ಮ ಬಳ್ಳಾರಿಯ ಮಾದರಿಯಿಂದ. ಕರ್ನಾಟಕದ ಮನೋಚೈತನ್ಯ ಕಾರ್ಯಕ್ರಮದಡಿ 2014ರಿಂದ ಮನೋವೈದ್ಯರು ನಿಗದಿತ ಮಂಗಳವಾರಗಳಂದು ತಾಲೂಕು ಆಸ್ಪತ್ರೆಗಳಿಗೆ ಬರುವ ಏರ್ಪಾಡಾಗಿದೆ. ಮಂಗಳವಾರ ದೇವಿಯ ವಾರವೂ ಹೌದು. ಅದೇ ದಿನ ಮೈಮೇಲೆ ಬರುವವರ ಮುಂದೆ ಸಾಲು ನಿಂತ ಮಂದಿಯಲ್ಲಿ ಅರ್ಧದಷ್ಟು ಜನ ಆಸ್ಪತ್ರೆಯ ಸಾಲಿನಲ್ಲಿಯೂ ನಿಂತಿದ್ದರೆ ಎಂದು ನನಗೆ ಅನೇಕ ಸಲ ಅನಿಸಿದೆ. ಆದರೆ ರೋಗ ಮಂಗಳವಾರವನ್ನು ನೋಡಿ ಕೆರಳುವುದಿಲ್ಲ. ಗುರುವಾರ ರಾತ್ರಿ ತಾಳಿಕೋಟೆಯ ಕಡೆಯ ಹಳ್ಳಿಯಲ್ಲಿ ಒಬ್ಬ ಕೊಡಲಿ ಹಿಡಿದು ನಿಂತರೆ, ಕಾಯದೆ ಕೇಳುವ ಮನೋವೈದ್ಯರು ದೂರದ ವಿಜಯಪುರದಲ್ಲಿರುತ್ತಾರೆ. ಇಂಡಿ, ಚಡಚಣ ಭಾಗದವರು ಸೊಲ್ಲಾಪುರಕ್ಕೆ ಹೋಗುವುದು ವಾಡಿಕೆ. ಅಲ್ಲಿ ದಾಖಲಾದರೆ ಪರಿಶೀಲನೆಯ ಮಂಡಳಿ ಮಹಾರಾಷ್ಟ್ರದ್ದು. ಮೇಲ್ವಿಚಾರಣೆಯೇ ಬಲವಂತಕ್ಕೆ ನ್ಯಾಯ ಒದಗಿಸುವ ಅಂಶವಾಗಿರುವಾಗ, ಮಂಡಳಿ ರೋಗಿಯ ಕಣ್ಣಿಗೆ ಕಾಣದಷ್ಟು ದೂರವಿದ್ದರೆ ಮಿಕ್ಕಿದ್ದು ಬರಿಯ ಬಲವಂತವೇ. ಜಿಲ್ಲೆಗೊಂದು ಅಥವಾ ಕೆಲವು ಜಿಲ್ಲೆಗಳಿಗೊಂದು ಮಂಡಳಿ ಎಂದು ಕಾಯದೆ ಹೇಳುತ್ತದೆ. ಆ ಮಂಡಳಿ ವಿಜಯಪುರದಲ್ಲಿಯೇ ನಿಯಮಿತವಾಗಿ ಕುಳಿತುಕೊಳ್ಳಬೇಕೆಂಬುದು, ರಸ್ತೆ ಮತ್ತು ನೀರಿಗಾಗಿ ಮನವಿ ಕೊಡುವ ನಮ್ಮ ಮುಖಂಡರ ಪಟ್ಟಿಯಲ್ಲಿ ಸೇರಬೇಕು.

ಅಲ್ಲಿಯವರೆಗೆ ಬಳಸಬಹುದಾದ ದಾರಿ ಕಾಯದೆಯಲ್ಲಿಯೇ ಇದೆ, ಬಳಸುವವರು ಕಡಿಮೆ. 94ನೇ ಕಲಮಿನ ಪ್ರಕಾರ ಜೀವಕ್ಕೆ ಅಪಾಯ ಅಥವಾ ತನಗಾಗಲಿ ಅನ್ಯರಿಗಾಗಲಿ ಗಂಭೀರ ಹಾನಿ ಒದಗುವ ತುರ್ತಿನಲ್ಲಿ, ಯಾವುದೇ ನೋಂದಾಯಿತ ವೈದ್ಯರು, ಮನೋವೈದ್ಯರೇ ಆಗಬೇಕೆಂದಿಲ್ಲ, 72 ತಾಸುಗಳವರೆಗೆ ಚಿಕಿತ್ಸೆ ನೀಡಬಹುದು. ನಾಮನಿರ್ದೇಶಿತ ಪ್ರತಿನಿಧಿ ಅಲ್ಲಿದ್ದರೆ ಆತನ ಒಪ್ಪಿಗೆ ಸಾಕು. ಹತ್ತಿರದ ಮಾನಸಿಕ ಆರೋಗ್ಯ ಸಂಸ್ಥೆಗೆ ಸಾಗಿಸುವುದೂ ಆ ಚಿಕಿತ್ಸೆಯ ಭಾಗವೆಂದೇ ಕಾಯದೆ ಹೇಳಿದೆ. ಆದುದರಿಂದ ತಾಲೂಕು ಆಸ್ಪತ್ರೆಯಲ್ಲಿ “ಇದು ನಮ್ಮ ಕೇಸಲ್ಲ” ಎಂಬ ಉತ್ತರ ಬಂದರೆ 94ನೇ ಕಲಮಿನ ಹೆಸರನ್ನು ವಿನಯದಿಂದ ಹೇಳಿ. ಬೀದಿಯಲ್ಲಿ ಅಲೆಯುವ ರೋಗಿಯನ್ನು ರಕ್ಷಣೆಗೆ ತೆಗೆದುಕೊಂಡು 24 ತಾಸಿನೊಳಗೆ ಸರಕಾರಿ ಆಸ್ಪತ್ರೆಗೆ ಮುಟ್ಟಿಸುವುದು ಪೊಲೀಸರ ಕರ್ತವ್ಯ, ಲಾಕಪ್ಪಿನಲ್ಲಿ ಇರಿಸುವಂತಿಲ್ಲ. ಮನೆಯಲ್ಲಿಯೇ ಯಾರನ್ನಾದರೂ ಕಟ್ಟಿಹಾಕಿ ಹಿಂಸಿಸುತ್ತಿದ್ದರೆ ನೆರೆಹೊರೆಯವರು ಠಾಣೆಗೆ ತಿಳಿಸಬಹುದು, ಠಾಣೆ ಮ್ಯಾಜಿಸ್ಟ್ರೇಟರಿಗೆ ವರದಿ ಮಾಡಬೇಕು. ವಕೀಲರ ಖರ್ಚಿಗೆ ಹೆದರುವವರಿಗೆ ತಾಲೂಕು ನ್ಯಾಯಾಲಯದಲ್ಲಿಯೇ ಕಾನೂನು ಸೇವಾ ಸಮಿತಿ ಇದೆ. ಏನು ಮಾಡಬೇಕೆಂದು ತೋಚದ ರಾತ್ರಿಗೆ 14416. ಟೆಲಿ ಮನಸ್ ಎಂಬ ಈ ಉಚಿತ ದೂರವಾಣಿ ಸೇವೆ 2022ರಿಂದ ಕನ್ನಡದಲ್ಲಿಯೂ ಮಾತನಾಡುತ್ತದೆ.

ಕಡೆಯದಾಗಿ ಆ ಪ್ರತಿನಿಧಿಯ ಮಾತು. ರೋಗಿಯೇ ಯಾರನ್ನೂ ಹೆಸರಿಸದಿದ್ದರೆ ಬಂಧುಗಳಲ್ಲೊಬ್ಬರು ತಾವಾಗಿ ಪ್ರತಿನಿಧಿಯಾಗುತ್ತಾರೆ. ಬಂಧುಗಳಲ್ಲಿ ಯಾರು ಮೊದಲು ಎಂಬುದನ್ನು ಕಾಯದೆ ಹೇಳುವುದಿಲ್ಲ. ಹೆಂಡತಿಯೊಂದು, ಅಣ್ಣನೊಂದು ಹೇಳಿದರೆ ಆಸ್ಪತ್ರೆಯ ಮೆಟ್ಟಿಲ ಮೇಲೆಯೇ ಜಗಳ. ಇದನ್ನು ತಪ್ಪಿಸುವ ಹಕ್ಕು ಪ್ರತಿಯೊಬ್ಬ ವಯಸ್ಕರಿಗೂ ಇದೆ. ಒಂದು ಸಲ ರೋಗ ಬಂದು ಗುಣವಾದವರು, ಮನಸ್ಸು ತಿಳಿಯಾಗಿರುವ ಈ ದಿನಗಳಲ್ಲಿಯೇ ಒಂದು ಬಿಳಿಯ ಹಾಳೆಯ ಮೇಲೆ ತಮಗೆ ನಂಬಿಕೆಯಿರುವ ವಯಸ್ಕರೊಬ್ಬರ ಹೆಸರು ಬರೆದು ಸಹಿ ಅಥವಾ ಹೆಬ್ಬೆಟ್ಟು ಒತ್ತಿದರೆ ಸಾಕು. ಮುದ್ರಾಂಕ ಕಾಗದ ಬೇಕಿಲ್ಲ. ಆ ವ್ಯಕ್ತಿ ರಕ್ತಸಂಬಂಧಿಯೇ ಆಗಬೇಕೆಂದಿಲ್ಲ. ಶಾಲೆಯ ಮಾಸ್ತರರಾಗಬಹುದು, ಓಣಿಯ ಹಿರಿಯಕ್ಕನಾಗಬಹುದು. ಹೊಲದ ವಾಟ್ನಿಯ ದಾವೆಯಲ್ಲಿ ಎದುರಿಗೆ ನಿಂತವರು ಮಾತ್ರ ಬೇಡ. ಹಾಳೆಯ ಒಂದು ಪ್ರತಿ ಆ ವ್ಯಕ್ತಿಯ ಬಳಿ, ಇನ್ನೊಂದು ಗುಳಿಗೆಯ ಚೀಟಿಯ ಜೊತೆಗಿರಲಿ.